ಅಪ್ಪ ಸೇರದ ಸಭೆ

ನಾನು ಕೆಲಸ ಮಾಡುವ, ಕತಾರಿನ ದೋಹಾದ ಬಿನ್ ಒಮ್ರಾನ್ ಬಡಾವಣೆಯ ಕ್ಲಿನಿಕ್ಕಿನಲ್ಲಿ, ಮಧ್ಯಾಹ್ನ ರೋಗಿಗಳೆಲ್ಲ ಎದ್ದುಹೋದ ಮೇಲೆ, ಕಾಯುವ ಕೋಣೆಯಲ್ಲಿ ಒಂದು ವಾಸನೆ ಉಳಿಯುತ್ತದೆ. ಎ.ಸಿ.ಯಲ್ಲಿ ತಣ್ಣಗಾದ ಕಾರ್ಪೆಟ್ಟು, ನೆಲ ಒರೆಸಿದ ಫಿನಾಯಿಲು, ಯಾರದೋ ಅತ್ತರು, ಇನ್ಯಾರದೋ ತಲೆಯ ತೆಂಗಿನೆಣ್ಣೆ. ಅದು ಮೂಗಿಗೆ ತಾಗಿದರೆ ಸಾಕು, ನಾನು ಒಂಬತ್ತು ವರ್ಷದವಳಾಗಿ, ಇಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ, ದೋಹಾದ ಆಂಗ್ಲಿಕನ್ ಚರ್ಚಿನ ಮೇಲಿನ ಮಹಡಿಯ ಹಾಲ್‌ನ ಬಾಗಿಲಲ್ಲಿ, ಅಪ್ಪನ ಬೆನ್ನ ಹಿಂದೆ ನಿಂತಿರುತ್ತೇನೆ. ಹೊರಗಿನಿಂದ ನೋಡಿದರೆ ಅದು ಚರ್ಚೆಂದು ಗೊತ್ತಾಗುತ್ತಿರಲಿಲ್ಲ. ಶಿಲುಬೆಯಿಲ್ಲದ ಕಟ್ಟಡ, ಗೇಟಿನಲ್ಲಿ ಗುರುತಿನ ಚೀಟಿ ನೋಡುವ ಕಾವಲುಗಾರ. ಒಂದೇ ಹಾಲ್‌ನಲ್ಲಿ ಒಂದು ಭಾಷೆಯವರ ಆರಾಧನೆ ಮುಗಿದ ಮೇಲೆ ಇನ್ನೊಂದು ಭಾಷೆಯವರದು. ನಮ್ಮ ಕನ್ನಡ ಸಭೆಯ ಸರದಿ ಬರುವಷ್ಟರಲ್ಲಿ ಒಳಗೆಲ್ಲ ಎದ್ದುಹೋದವರ ಮೈಗಂಧ ತುಂಬಿರುತ್ತಿತ್ತು.

ನಮ್ಮ ಮನೆಯಿದ್ದದ್ದು ದುಖಾನ್‌ನಲ್ಲಿ, ಎಣ್ಣೆ ಕಂಪೆನಿಯ ಕ್ವಾರ್ಟರ್ಸಿನಲ್ಲಿ. ತಗ್ಗು ಮಾಡಿನ ಬೂದು ಮನೆ, ಕಿಟಕಿಯ ಸಂದಿಯಲ್ಲಿ ದಿನವೂ ಒರೆಸಿದರೂ ಕೂರುವ ಸಣ್ಣ ಮರಳು, ಗಾಳಿ ತಿರುಗಿದ ದಿನ ಬಾವಿಗಳ ಕಡೆಯಿಂದ ಬರುವ ಗ್ಯಾಸಿನ ವಾಸನೆ. ಅಮ್ಮ ಆ ಕಿಟಕಿಗಳನ್ನು ಮುಚ್ಚಿಕೊಂಡು ಬೂತಾಯಿ ಮೀನು ಹುರಿಯುತ್ತಿದ್ದಳು, ಹುರಿಯುತ್ತ ಗುನುಗುತ್ತಿದ್ದಳು. ಅವಳ ಹೆಸರು ಗ್ರೇಸಿ, ಮಂಗಳೂರಿನ ಬಲ್ಮಠದ ಕ್ರಿಶ್ಚಿಯನ್ ಮನೆಯವಳು. ಅಪ್ಪ ವಾಸುದೇವ, ಪಡುಬಿದ್ರಿಯ ಕಡೆಯ ತುಳುವರು. ಎರಡೂ ಮನೆಯವರು ಮುನಿಸಿಕೊಂಡ ಮದುವೆ ಅದು. ಹಾಗಾಗಿ ನಮ್ಮ ಮನೆಯಲ್ಲಿ ದೇವರ ಫೋಟೋನೂ ಇರಲಿಲ್ಲ, ಶಿಲುಬೆಯೂ ಇರಲಿಲ್ಲ. ಅಮ್ಮ ಗುನುಗುತ್ತಿದ್ದದ್ದು ಚರ್ಚಿನ ಕೀರ್ತನೆಗಳನ್ನು ಎಂದು ನನಗೆ ತಿಳಿದದ್ದು ಅವಳು ಸತ್ತ ಮೇಲೆ, ಆ ಹಾಲ್‌ನಲ್ಲಿ ಅವನ್ನು ಬೇರೆಯವರ ಬಾಯಿಂದ ಕೇಳಿದಾಗ.

ಅವಳು ಹನ್ನೊಂದು ದಿನ ದೋಹಾದ ಆಸ್ಪತ್ರೆಯಲ್ಲಿದ್ದಳು. ಆ ವಾರ್ಡಿನ ನರ್ಸ್ ವಿಮಲಾ ಆಂಟಿ ಮಂಗಳೂರಿನವರು. ಅಮ್ಮ ನೋವಿನಲ್ಲಿ ಕನ್ನಡದಲ್ಲಿ ಏನೋ ಅಂದದ್ದನ್ನು ಕೇಳಿ ಹತ್ತಿರ ಬಂದವರು ಮತ್ತೆ ಬಿಟ್ಟುಹೋಗಲಿಲ್ಲ. ಅಮ್ಮ ಹೋದ ದಿನ ಅವಳನ್ನು ಮೀಯಿಸಿ ಸೀರೆ ಉಡಿಸಿದ್ದು ಅವರೇ. ಹೆಣವನ್ನು ಊರಿಗೆ ಕಳಿಸುವ ಕಾಗದಪತ್ರಕ್ಕೆ ಅವರು ತಮ್ಮ ಸಭೆಯ ಎಡ್ವಿನ್ ಅಂಕಲ್‌ರನ್ನು ಕರೆಸಿದರು. ಎಡ್ವಿನ್ ಅಂಕಲ್ ಒಂದು ಕಂಪೆನಿಯಲ್ಲಿ ಸರಕಾರಿ ಕಚೇರಿಗಳಿಗೆ ಓಡಾಡುವ ಕೆಲಸದಲ್ಲಿದ್ದವರು, ಅರಬ್ಬಿ ಬಲ್ಲವರು. ಎರಡು ದಿನ ಅಪ್ಪನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಒಂದೊಂದು ಕಚೇರಿಗೂ ಹೋದರು. ಕೊನೆಯ ಮೊಹರು ಬಿದ್ದ ಮೇಲೆ "ಖಲಾಸ್, ವಾಸಣ್ಣ. ಇನ್ನು ನೀವು ಸ್ವಲ್ಪ ಕೂತುಕೊಳ್ಳಿ" ಅಂದರಂತೆ. ಅಪ್ಪ ಇದನ್ನು ಎಷ್ಟೋ ವರ್ಷಗಳ ನಂತರ ನನಗೆ ಹೇಳಿದರು. ಆ ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆನೋ ನನಗೆ ನೆನಪಿಲ್ಲ. ಅತ್ತದ್ದಂತೂ ನೆನಪಿಲ್ಲ. ಊರಲ್ಲಿ ಮಣ್ಣು ಹಾಕುವಾಗ ನನ್ನ ಕೈಯ ಮಣ್ಣು ಒದ್ದೆಯಾಗಿತ್ತು ಎಂಬುದು ಮಾತ್ರ ಗೊತ್ತು.

ಮರಳಿ ಬಂದ ಮೊದಲ ಶುಕ್ರವಾರ ಅಪ್ಪ ನನ್ನ ತಲೆ ಬಾಚಿ, ಬೈತಲೆ ಸೊಟ್ಟಗೆ ತೆಗೆದು, "ಹೋಗುವ. ಅವರಿಗೊಂದು ಥ್ಯಾಂಕ್ಸ್ ಹೇಳಿ ಬರುವ" ಅಂದರು. ಒಂದು ಗಂಟೆಯ ದಾರಿ, ಎರಡೂ ಕಡೆ ಬಯಲು. ನಾವು ಹೋದಾಗ ಆರಾಧನೆ ಮುಗಿಯುತ್ತ ಬಂದಿತ್ತು. ಅಪ್ಪ ಎಡ್ವಿನ್ ಅಂಕಲ್‌ರ ಮುಂದೆ ನಿಂತು ಮಾತು ಹುಡುಕುತ್ತಿರುವಾಗಲೇ ಮುಂದಿನ ಸರದಿಯ ಮಲಯಾಳಿಗಳು ಬಾಗಿಲಿಗೆ ಬಂದರು. ಕುರ್ಚಿಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಬೇಕಿತ್ತು. ಅಪ್ಪ ಅಂಗಿಯ ತೋಳು ಮಡಚಿ ಅದಕ್ಕೆ ಇಳಿದರು. ಥ್ಯಾಂಕ್ಸ್ ಹೇಳಿದರೋ ಇಲ್ಲವೋ. ಮುಂದಿನ ಶುಕ್ರವಾರ ನಾವು ಮತ್ತೆ ಹೋದೆವು. ಹಾಗೆ ಎಂಟು ವರ್ಷ.

ಯಾರೂ ನಮ್ಮನ್ನು ಸೇರಿ ಎಂದು ಕರೆಯಲಿಲ್ಲ. ವಿಮಲಾ ಆಂಟಿ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು, ಕೂತಲ್ಲೇ, ಉಪದೇಶದ ಪ್ರಸಂಗ ನಡೆಯುತ್ತಿದ್ದಾಗಲೇ. ಆರಾಧನೆಯ ನಂತರ ಯಾರದಾದರೂ ಮನೆಯಲ್ಲಿ ಊಟ. ನೀರುದೋಸೆಯ ಡಬ್ಬಿ, ಕೋಳಿ ಸಾರು, ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಸುತ್ತ ಇಪ್ಪತ್ತು ಜನ. ಅಷ್ಟು ಜನರ ನಡುವೆ ನಾನು ಹತ್ತಿ ತುಂಬಿದ ಕಿವಿಯವಳಂತೆ ಕೂತಿರುತ್ತಿದ್ದೆ. ಅಪ್ಪ ದೂರದಿಂದ ಬರುವವರಾದರೂ ಎಲ್ಲರಿಗಿಂತ ಮೊದಲು ತಲುಪುತ್ತಿದ್ದರು. ಆದ್ದರಿಂದ ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ವಿಧಿಯ, ಪಾತ್ರೆಗಳನ್ನಿಡುವ ಕಪಾಟಿನ ಬೀಗದಕೈ ಅವರ ಕೈಗೆ ಬಂತು. ಒಂದು ವರ್ಷದ ಸಭಾ ಮೀಟಿಂಗಿನಲ್ಲಿ ಹಿರಿಯರೊಬ್ಬರು, ದ್ವೇಷದಿಂದಲ್ಲ, ಕ್ರಮದ ಮಾತಾಗಿ, "ಸದಸ್ಯರಲ್ಲದವರ ಹತ್ತಿರ ಆ ಕೀ ಇರುವುದು ಸರಿಯಾ?" ಎಂದು ಕೇಳಿದರು. ಅಪ್ಪ ಎದ್ದು ಬೀಗದಕೈಯನ್ನು ಮೇಜಿನ ಮೇಲಿಟ್ಟು ಮತ್ತೆ ಬಂದು ನನ್ನ ಪಕ್ಕ ಕೂತರು. ಎಡ್ವಿನ್ ಅಂಕಲ್ ಕೂತಲ್ಲಿಂದಲೇ ಹೇಳಿದರು: "ಶುಕ್ರವಾರ ಬೆಳಿಗ್ಗೆ ಆರೂವರೆಗೆ ಮನೆ ಬಿಡುವವರು ಬೇರೆ ಯಾರಿದ್ದೀರಿ? ಅವರು ತೆಗೆದುಕೊಳ್ಳಿ." ಬೀಗದಕೈ ಮೀಟಿಂಗ್ ಮುಗಿಯುವವರೆಗೂ ಮೇಜಿನ ಮೇಲೆಯೇ ಇತ್ತು. ಕೊನೆಗೆ ಪ್ರಶ್ನೆ ಕೇಳಿದ ಹಿರಿಯರೇ ಅದನ್ನು ತಂದು ಅಪ್ಪನ ಅಂಗಿಯ ಜೇಬಿಗೆ ಹಾಕಿದರು.

ಅದಾದ ಮೇಲೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಅಪ್ಪನನ್ನು ಒಂದು ಬದಿಗೆ ಕರೆದು ದೀಕ್ಷಾಸ್ನಾನದ ವಿಷಯ ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಕಪಾಟಿನ ಕಡೆ ನೋಡುತ್ತ, "ಊರಲ್ಲಿ ಅಮ್ಮ ಇದ್ದಾರೆ ಅಯ್ಯನವರೇ. ಮದುವೆಯ ಹೊತ್ತಿಗೆ ಅವರಿಗೆ ಒಂದು ಸಲ ನೋವು ಕೊಟ್ಟಾಗಿದೆ. ಇವಳದ್ದು ಇವಳ ಇಷ್ಟ" ಎಂದರು. ಮೂರು ವರ್ಷದ ನಂತರ ಅಜ್ಜಿ ತೀರಿಕೊಂಡರು. ಅಯ್ಯನವರು ಮತ್ತೆ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಭೋಜನದ ಹೊತ್ತಿಗೆ ಅವರು ಕೊನೆಯ ಸಾಲಿನಲ್ಲಿ ಹೋಗಿ, ದೀಕ್ಷೆಯಾಗದವರಿಗೆ ಕೊಡದ ಆ ರೊಟ್ಟಿಗೆ ಕೈ ಚಾಚದೆ ತಲೆ ಬಗ್ಗಿಸುತ್ತಿದ್ದರು. ಅಯ್ಯನವರು ತಲೆಯ ಮೇಲೆ ಕೈಯಿಡುತ್ತಿದ್ದರು.

ನನ್ನ ದೀಕ್ಷಾಸ್ನಾನ ಹನ್ನೆರಡನೆಯ ವರ್ಷದಲ್ಲಾಯಿತು. ಸಭೆಯ ಪೂರ್ಣ ಸದಸ್ಯಳಾಗುವ ದೃಢೀಕರಣ ಹದಿನೈದರಲ್ಲಿ, ಬಿಷಪರು ಬಂದಾಗ. ಅಪ್ಪ ಕ್ವಾರ್ಟರ್ಸಿನ ಪಕ್ಕದ ಮನೆಯವರಿಂದ ಇಸ್ತ್ರಿ ಪೆಟ್ಟಿಗೆ ತಂದು ನನ್ನ ಬಿಳಿ ಫ್ರಾಕಿಗೆ ಮೂರು ಸಲ ಇಸ್ತ್ರಿ ಹಾಕಿದ್ದರು. ತಲೆಯ ಮೇಲಿಟ್ಟ ಬಿಷಪರ ಕೈ ಬೆಚ್ಚಗಿತ್ತು, ಭಾರವಾಗಿತ್ತು. ಮೊದಲ ಬಾರಿ ಬಾಯಿಗೆ ಬಿದ್ದ ರೊಟ್ಟಿಗೆ ರುಚಿಯೇ ಇರಲಿಲ್ಲ. ಆಮೇಲೆ ಎಲ್ಲರೂ ಕೈಕುಲುಕುವಾಗ ನಾನು ವಿಮಲಾ ಆಂಟಿಯನ್ನು ಮೆಟ್ಟಿಲ ಬಳಿಗೆ ಎಳೆದುಕೊಂಡು ಹೋಗಿ, "ನನಗೆ ಏನೂ ಅನ್ನಿಸಲಿಲ್ಲ ಆಂಟಿ. ಅಮ್ಮ ಹೋದಾಗಲೂ ಅನ್ನಿಸಲಿಲ್ಲ" ಎಂದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ನನ್ನ ಕಾಲರಿನ ಪಿನ್ ಸರಿಮಾಡುತ್ತ, "ನನ್ನ ಸಲ ನನಗೆ ಚಪ್ಪಲಿ ಕಚ್ಚುವುದು ಮಾತ್ರ ಗೊತ್ತಾಗಿತ್ತು. ಅನ್ನಿಸಲೇಬೇಕು ಅಂತ ಎಂತ ಇಲ್ಲ ಮಗಾ. ಶುಕ್ರವಾರ ಬಾ, ಸಾಕು" ಎಂದರು.

ಮತ್ತೆ ಎರಡು ವರ್ಷಕ್ಕೆ ಅಪ್ಪನ ಕೆಲಸ ಮುಗಿಯಿತು. ಮನೆಯ ಸಾಮಾನು ನಾಲ್ಕು ದಿನದಲ್ಲಿ ಯಾರ್ಯಾರಿಗೋ ಹಂಚಿಹೋಯಿತು. ಅಮ್ಮನ ಬೂತಾಯಿ ಹುರಿಯುವ ಕಾವಲಿ ಯಾರ ಪಾಲಾಯಿತೋ ತಿಳಿಯದು. ಅಪ್ಪ ಊರಿನಲ್ಲಿ ದೊಡ್ಡಪ್ಪನ ಮನೆ ಸೇರಿದರು, ನಾನು ಮಂಗಳೂರಿನಲ್ಲಿ ಲ್ಯಾಬ್ ಕೋರ್ಸ್ ಓದಿ ಮರಳಿ ಇಲ್ಲಿಗೇ ಬಂದೆ. ಅಷ್ಟರಲ್ಲಿ ವಿಮಲಾ ಆಂಟಿ ನಿವೃತ್ತಿಯಾಗಿ ಹೋಗಿದ್ದರು, ಎಡ್ವಿನ್ ಅಂಕಲ್ ಮಗನ ಜೊತೆ ಬೇರೆ ದೇಶಕ್ಕೆ. ಈ ಊರಿನಲ್ಲಿ ಯಾರೂ ಹಳೆಯವರಾಗುವವರೆಗೆ ಉಳಿಯುವುದಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡರು. ದೊಡ್ಡಪ್ಪನ ಮಕ್ಕಳು ಅವರ ಕ್ರಮದಂತೆ ಎಲ್ಲ ಮಾಡಿದರು. ನಾನು ಹೊಗೆಯಿಂದ ಸ್ವಲ್ಪ ದೂರ ನಿಂತಿದ್ದೆ. ಯಾರೋ ಕುಡಿಯಲು ನೀರು ಕೊಟ್ಟರು, ಕುಡಿದೆ.

ದೋಹಾಕ್ಕೆ ಮರಳಿದ ಮೇಲಿನ ಶುಕ್ರವಾರ ಆರಾಧನೆಗೆ ಮೊದಲು ಅಯ್ಯನವರ ಬಳಿ ಹೋಗಿ, ಅಗಲಿದವರ ಪ್ರಾರ್ಥನೆಯಲ್ಲಿ ಅಪ್ಪನ ಹೆಸರು ಸೇರಿಸಬಹುದೇ ಎಂದು ಕೇಳಿದೆ. ಹೊಸಬರು, ಬಂದು ಮೂರು ತಿಂಗಳಾಗಿತ್ತು. ಪೆನ್ನು ತೆಗೆದು, "ಯಾವ ಸಭೆಯವರು?" ಎಂದರು.

"ಈ ಸಭೆಯವರೇ" ಎಂದೆ.

ಅವರು ಬರೆದುಕೊಂಡರು. ಪ್ರಾರ್ಥನೆಯಲ್ಲಿ ಒಬ್ಬ ಸ್ಯಾಮುವೇಲರ ಹೆಸರಿನ ನಂತರ, ಒಬ್ಬ ಎಲಿಜಬೆತ್ ಅವರ ಹೆಸರಿನ ಮೊದಲು, ವಾಸುದೇವ ಎಂದು ಓದಿದರು. ಸಭೆ ಎಲ್ಲರಿಗೆ ಹೇಳಿದ ಹಾಗೆಯೇ ಆಮೆನ್ ಹೇಳಿತು. ನಾನು ಕಾದೆ. ನನ್ನೊಳಗಿಂದ ಏನೂ ಬರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ, ಹೋದ ವಾರವಷ್ಟೇ ಸಭೆಗೆ ಬಂದ ಹುಡುಗಿಯೊಬ್ಬಳು ಸದ್ದಿಲ್ಲದೆ ಅಳುತ್ತಿದ್ದಳು. ಅವಳು ಯಾರನ್ನು ನೆನೆದಳೋ ನಾನು ಕೇಳಲಿಲ್ಲ. ಮುಂದಿನ ಹಾಡಿನ ಪುಟ ಹುಡುಕಿ, ಪುಸ್ತಕವನ್ನು ನಮ್ಮಿಬ್ಬರ ನಡುವೆ ಹಿಡಿದೆ.