ಬರದವರೆಲ್ಲ ಗುಣವಾದವರು

ನನ್ನ ಭಾವನ ಜ್ಯೂಸ್ ಅಂಗಡಿಗೆ ಕೆಂಪು ರಸಕ್ಕೆ ಬರುವ ಗಂಡಸರು ಯಾರೂ ಅದನ್ನು ಹೆಸರು ಹೇಳಿ ಕೇಳುತ್ತಿರಲಿಲ್ಲ. ಕಿತ್ತಳೆ, ಮೂಸಂಬಿ ಬೇಕಾದವರು ಎದುರಿಗೆ ನಿಂತು ಕೂಗಿ ಕೇಳುವರು. ಕೆಂಪು ಬೇಕಾದವರು ಮಾತ್ರ ಕೌಂಟರಿನ ಆ ತುದಿಗೆ, ಫ್ರಿಜ್ಜಿನ ಮರೆಗೆ ಹೋಗಿ, ಗೋಡೆಗೆ ಅಂಟಿಸಿದ ಹಣ್ಣುಗಳ ಚಿತ್ರವನ್ನು ನಾಳೆ ಪರೀಕ್ಷೆಯಿದೆಯೇನೋ ಎಂಬಂತೆ ನೋಡುತ್ತ ನಿಲ್ಲುವರು. ಭಾವ ಏನೂ ಕೇಳದೆ ಬೀಟ್‌ರೂಟ್ ಕೈಗೆತ್ತಿಕೊಳ್ಳುವರು. ಆ ಮೂಲೆಯಲ್ಲಿ ನಿಂತರೆ ಅದೇ ಆರ್ಡರ್. ಒಮ್ಮೆ ಬಿಸಿಲಿಗೆ ನೆರಳು ಸಿಕ್ಕಿತೆಂದು ಅಲ್ಲಿ ನಿಂತ ಪೋಸ್ಟ್‌ಮನ್‌ಗೂ ಒಂದು ದೊಡ್ಡ ಲೋಟ ಬಂತು. ಪಾಪ, ಅವನು ಕುಡಿದ. ಮಾರನೆಯ ದಿನ ಮೋಡ ಕವಿದಿತ್ತು, ಆದರೂ ಬಂದು ಅಲ್ಲೇ ನಿಂತ.

ನನ್ನ ಹೊಲಿಗೆ ಅಂಗಡಿ ಅದಕ್ಕೆ ಸರಿಯಾಗಿ ಎದುರು. ಮಷಿನ್ನಿನ ಮುಂದೆ ಕೂತರೆ ಭಾವನ ಕೌಂಟರು, ಫ್ರಿಜ್ಜು, ಮೂಲೆ ಎಲ್ಲವೂ ಅಂಗೈ ಮೇಲಿನ ನೆಲ್ಲಿಕಾಯಿ. ಸ್ವಲ್ಪ ಧೈರ್ಯ ಇದ್ದವರು ಬಾಯಿಬಿಟ್ಟು "ನನಗಲ್ಲ, ಸ್ನೇಹಿತನಿಗೆ" ಅನ್ನುತ್ತಿದ್ದರಂತೆ. ಯಾರಿಗೆ ಎಂದು ಯಾರೂ ಕೇಳಿರುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ಭಾವ ಮುಖದಲ್ಲಿ ನಗು ತೋರಿಸದೆ, "ನಿಮ್ಮ ಸ್ನೇಹಿತರಿಗೆ ಶುಂಠಿ ಸ್ವಲ್ಪ ಜಾಸ್ತಿ ಹಾಕ್ಲಾ?" ಎನ್ನುವರು. "ಅಯ್ಯೋ ಬೇಡ, ನನಗೆ ಎದೆ ಉರಿ ಬರುತ್ತೆ" ಎಂದು ಆ ಮನುಷ್ಯ ತಾನಾಗಿ ಸಿಕ್ಕಿಬೀಳುವನು. ಇದನ್ನೆಲ್ಲ ಭಾವ ಊಟದ ಹೊತ್ತಿಗೆ ಬಂದು ನನಗೆ ಹೇಳಿ ನಗಿಸುತ್ತಿದ್ದರು. ಅಕ್ಕನ ಮುಂದೆ ಮಾತ್ರ ಹೇಳುತ್ತಿರಲಿಲ್ಲ.

ಭಾವ ಮೊದಲು ತಂಪು ಪಾನೀಯದ ಫ್ಯಾಕ್ಟರಿಯೊಂದರಲ್ಲಿ ಪಾಕ ಕಲಸುವ ವಿಭಾಗದಲ್ಲಿದ್ದವರು. ದೊಡ್ಡ ಸ್ಟೀಲ್ ಹಂಡೆಗಳಲ್ಲಿ ಸಕ್ಕರೆ ನೀರು ಕುದಿಯುವ ಜಾಗ. ಸಂಜೆ ಮನೆಗೆ ಬಂದರೆ ಅವರ ಶರ್ಟಿನ ಹಿಂದೆ ಇರುವೆ ಬರುತ್ತಿದ್ದವು. ಫ್ಯಾಕ್ಟರಿ ಬಾಗಿಲು ಹಾಕಿದಾಗ ಬೇರೆಯವರು ಬೇರೆ ಕೆಲಸ ಹುಡುಕಿಕೊಂಡರು, ಇವರು ಮಾತ್ರ ಜ್ಯೂಸ್ ಅಂಗಡಿ ಇಡುತ್ತೇನೆಂದು ಹಟ ಹಿಡಿದರು. ಪೇಪರಿನಲ್ಲಿ ಎಲ್ಲೋ ಓದಿದ್ದರಂತೆ: ಬೀಟ್‌ರೂಟ್, ದಾಳಿಂಬೆ, ಕಲ್ಲಂಗಡಿ ರಕ್ತ ಚೆನ್ನಾಗಿ ಓಡುವಂತೆ ಮಾಡುತ್ತವೆ, ರಕ್ತ ಓಡಿದರೆ ಗಂಡಸಿಗೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಅಂತ. ಕಲ್ಲಂಗಡಿಯ ಸಿಪ್ಪೆ ಹತ್ತಿರದ ಬಿಳಿ ಭಾಗವನ್ನೂ ಬಿಡದೆ ಹಾಕುವರು. ಇಷ್ಟಕ್ಕೆ ನಿಲ್ಲಿಸಿದ್ದರೆ ಚಿಂತೆ ಇರಲಿಲ್ಲ. ಪಾಕದ ಕೈ ಸುಮ್ಮನಿರುತ್ತದೆಯೇ? ನೆನೆಸಿದ ಖರ್ಜೂರ, ಜೇನು, ಅದರ ಮೇಲೆ ಎರಡು ಸೌಟು ಸಕ್ಕರೆ ಪಾಕ. "ಸಪ್ಪೆ ಇದ್ರೆ ಶಕ್ತಿ ಇದೆ ಅಂತ ಯಾರು ನಂಬ್ತಾರೆ?" ಎನ್ನುತ್ತಿದ್ದರು.

ಆ ರಸದಿಂದ ಗುಣವಾಗುತ್ತದೆ ಎಂಬುದಕ್ಕೆ ಭಾವನ ಹತ್ತಿರ ಒಂದು ಲೆಕ್ಕಾಚಾರವಿತ್ತು. ಮತ್ತೆ ಮತ್ತೆ ಬರುವವರಿಗೆ ಇನ್ನೂ ಸ್ವಲ್ಪ ಬೇಕು. ಬರುವುದು ನಿಲ್ಲಿಸಿದವರಿಗೆ ಗುಣವಾಯಿತು. ಯಾರಾದರೂ ವಾರಗಟ್ಟಲೆ ಕಾಣದಿದ್ದರೆ, "ನೋಡು, ಆ ಪೇಂಟರ್ ಬರ್ತಾನೇ ಇಲ್ಲ. ಸರಿಹೋಗಿದೆ!" ಎಂದು ಹಿಗ್ಗುವರು.

"ಹಾಗಾದ್ರೆ ಸತ್ತೋರೂ ಗುಣವಾದೋರೇ ಬಿಡಿ ಭಾವ," ಎಂದೆ ನಾನು ಒಂದು ಸಲ.

"ನಿನ್ನ ನಾಲಗೆಗೆ ಎರಡು ಹೊಲಿಗೆ ಹಾಕ್ಬೇಕು," ಎಂದು ನಕ್ಕರು. ಆದರೆ ಆ ಲೆಕ್ಕ ಅವರಿಗೆ ತಮಾಷೆಯಾಗಿರಲಿಲ್ಲ, ಅದನ್ನು ನಂಬಿಯೇ ಅವರು ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಂದು ಲೋಟ, ಸಂಜೆ ಮುಚ್ಚುವಾಗ ಒಂದು ಲೋಟ ತಾವೇ ಕುಡಿಯುತ್ತಿದ್ದರು. ನಾವೆಲ್ಲ ಅದು ಗಿರಾಕಿಗಳಿಗೆ ತೋರಿಸಲು ಅಂದುಕೊಂಡಿದ್ದೆವು. ಬಾಣಸಿಗನೇ ಉಣ್ಣದಿದ್ದರೆ ಪಂಕ್ತಿಯಲ್ಲಿ ಯಾರು ಕೂರುತ್ತಾರೆ?

ಅಕ್ಕ ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ಒಂದು ದಿನ ಅವಳು ನನ್ನ ಅಂಗಡಿಗೆ ರವಿಕೆಗೆಂದು ಕಡುಹಸಿರು ಬಟ್ಟೆ ತಂದು, "ಕತ್ತಿನ ಹತ್ರ ಸ್ವಲ್ಪ ಅಗಲ ಇರಲಿ ಕಣೇ," ಎಂದಳು. ಅಕ್ಕ ಜೀವಮಾನದಲ್ಲಿ ಅಂಥ ರವಿಕೆ ಕೇಳಿದವಳಲ್ಲ. "ಏನಮ್ಮ, ಈ ವಯಸ್ಸಿಗೆ ಹೊಸ ಹರೆಯ?" ಎಂದು ರೇಗಿಸಿ ಹೊಲಿದುಕೊಟ್ಟೆ. ಒಂದು ವಾರ ಬಿಟ್ಟು ಅದನ್ನು ಪೇಪರಿನಲ್ಲಿ ಸುತ್ತಿ ವಾಪಸ್ ತಂದಳು. ಕತ್ತು ಮುಚ್ಚುವಂತೆ ತಿರುಗಿ ಹೊಲಿದುಕೊಡಬೇಕಂತೆ. ನಾನು ಹೊಲಿಗೆ ಬಿಚ್ಚುತ್ತಿದ್ದಾಗ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, "ನಾನು ತುಂಬಾ ದಪ್ಪ ಆಗಿದ್ದೀನಾ?" ಎಂದು ಕೇಳಿದಳು.

ಆಮೇಲೆ ತಿಳಿಯಿತು. ಭಾವ ಅವಳನ್ನು ಮುಟ್ಟದೆ ವರ್ಷಗಳಾಗಿದ್ದವು. ಈಗ ಮಲಗುವುದೂ ಅಂಗಡಿಯ ಹಿಂದಿನ ಕೋಣೆಯಲ್ಲೇ. ಹಣ್ಣಿನ ಗಾಡಿ ನಸುಕಿಗೇ ಬರುತ್ತದೆ ಅನ್ನುವುದು ನೆಪ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರಿಗೆ ಜಗಳವೇ ಇರಲಿಲ್ಲ, ಮಲಗುವುದೂ ಇರಲಿಲ್ಲ, ಇನ್ನು ಮುಗಿಯುವುದೆಲ್ಲಿ? ಏಕೆಂದು ಅಕ್ಕ ಬಾಯಿಬಿಟ್ಟು ಕೇಳಿದ್ದಳು. "ಸುಸ್ತು" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿದರಂತೆ.

"ಬೇರೆ ಯಾರೋ ಇದ್ದಾಳೆ," ಎಂದಳು ಅಕ್ಕ. "ನೀನು ಎದುರಿಗೇ ಕೂತಿರ್ತೀಯಲ್ಲ, ಒಂದು ಕಣ್ಣು ಇಟ್ಟಿರು. ಯಾರು ಅಂತ ಗೊತ್ತಾದ್ರೆ ಸಾಕು. ನಾನು ಜಗಳ ಆಡಲ್ಲ, ಹೊರಟುಹೋಗ್ತೀನಿ."

ಹಾಗಾಗಿ ನಾನು ಕಾವಲು ಕೂತೆ. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಕಾಜಾ ಹಾಕುತ್ತ, ಅಂಚು ಮಡಿಸುತ್ತ, ಎದುರಿನ ಬಾಗಿಲಿಗೆ ಯಾವ ಹೆಂಗಸು ಬಂದಾಳೆಂದು ಕಾಯುತ್ತಿದ್ದೆ. ಬಂದದ್ದೆಲ್ಲ ಬರೀ ಗಂಡಸರು. ಮೂಲೆಗೆ ಹೋಗಿ ನಿಲ್ಲುವರು, ತಲೆ ತಗ್ಗಿಸಿ ಕುಡಿಯುವರು, ಬಾಯಿ ಒರೆಸಿಕೊಂಡು ಬೀದಿಯ ಎರಡೂ ಕಡೆ ನೋಡಿ ಹೊರಡುವರು. ಅವರ ಹೆಂಡತಿಯರಲ್ಲಿ ಎಷ್ಟು ಜನ ಎಲ್ಲೆಲ್ಲಿ ಕೂತು ಇಲ್ಲದ ಹೆಂಗಸನ್ನು ಕಾಯುತ್ತಿದ್ದರೋ ಯಾರಿಗೆ ಗೊತ್ತು.

ಆ ಕಾಲದಲ್ಲಿ ಭಾವನ ಪ್ಯಾಂಟುಗಳು ಒಂದರ ಹಿಂದೆ ಒಂದು ನನ್ನ ಹತ್ತಿರ ಬಂದವು. ಸೊಂಟ ಸಡಿಲವಾಗಿದೆ, ಹಿಡಿಯಬೇಕು. ಹಿಡಿದದ್ದನ್ನೇ ಇನ್ನೊಮ್ಮೆ ಹಿಡಿಯಬೇಕು. ಕೊನೆಗೆ ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದವು. "ಇನ್ನು ಹಿಡಿಯೋಕೆ ಬಟ್ಟೆ ಇಲ್ಲ ಭಾವ, ಸ್ವಲ್ಪ ಉಣ್ಣಿ," ಎಂದೆ. "ಓಡಾಟ ಜಾಸ್ತಿ," ಎಂದರು. ಮಾತಾಡುತ್ತಲೇ ಒಂದು ಚೊಂಬು ನೀರು ಗಟಗಟ ಕುಡಿದು, ಇನ್ನೊಂದು ಕೇಳಿದರು. ಅವರ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹಣ್ಣಿನ ಕ್ರೇಟು ಬಿತ್ತಂತೆ. ನೋವಿಲ್ಲವೇ ಎಂದರೆ, "ಬಿದ್ದಿದ್ದೇ ಗೊತ್ತಾಗ್ಲಿಲ್ಲ, ರಕ್ತ ನೋಡಿದ ಮೇಲೆ ಗೊತ್ತಾಯ್ತು," ಎಂದು ಅದೊಂದು ಶೌರ್ಯವೆಂಬಂತೆ ಹೇಳಿದರು.

ಆ ಗಾಯ ಒಣಗಲೇ ಇಲ್ಲ. ಅಂಗಡಿಯ ನೆಲ ಯಾವಾಗಲೂ ಒದ್ದೆ, ಕಾಲಿಗೆ ಸವೆದ ರಬ್ಬರ್ ಚಪ್ಪಲಿ. ಆಸ್ಪತ್ರೆ ಇದ್ದದ್ದು ಬೀದಿಯ ತುದಿಯಲ್ಲೇ. ಹೋಗಿ ಎಂದು ನಾನು ಹೇಳಿದೆ, ಅಕ್ಕ ಹೇಳಿದಳು. ಭಾವ ಸಿಟ್ಟಾದರು.

"ಅಲ್ಲಿನ ಕಾಂಪೌಂಡರ್ ನನ್ನ ಗಿರಾಕಿ. ವಾರ್ಡ್ ಬಾಯ್ ನನ್ನ ಗಿರಾಕಿ. ಜ್ಯೂಸಣ್ಣನೇ ಔಷಧಿಗೆ ಬಂದ ಅಂದ್ರೆ ನಾಳೆ ಆ ಮೂಲೇಲಿ ಯಾರು ನಿಲ್ತಾರೆ?"

ಅದಕ್ಕೆ ಅವರು ಕಂಡುಕೊಂಡ ಚಿಕಿತ್ಸೆ ಯಾವುದೆಂದರೆ ಅದೇ ಕೆಂಪು ರಸ. ರಕ್ತ ಕಮ್ಮಿಯಾಗಿರುವುದಕ್ಕೇ ಗಾಯ ಒಣಗುತ್ತಿಲ್ಲ ಎಂದು ಮಧ್ಯಾಹ್ನಕ್ಕೂ ಒಂದು ಲೋಟ ಸೇರಿಸಿ, ಖರ್ಜೂರ, ಜೇನು ಎರಡರಷ್ಟು ಮಾಡಿದರು. ಪ್ರಪಂಚದಲ್ಲಿ ಇಂಥ ತಪ್ಪನ್ನು ಇನ್ಯಾರೂ ಮಾಡಲಾರರು, ಅದಕ್ಕೆ ಪಾಕ ಕಲಸಿದ ಕೈಯೇ ಬೇಕು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಆ ಹೆಂಗಸು ಯಾರೆಂದು ಗೊತ್ತಾಗದಿದ್ದರೂ ಅಕ್ಕ ಕೊನೆಗೆ ಗಂಟುಮೂಟೆ ಕಟ್ಟಿದಳು. ಕಾರ್ಖಾನೆಗೆ ರಜೆ ಇದ್ದ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಒಂದು ಸೂಟ್‌ಕೇಸು ಹಿಡಿದು ನನ್ನ ಅಂಗಡಿಗೆ ಬಂದಳು. ಮೇಲಿನ ನನ್ನ ಕೋಣೆಯಲ್ಲಿ ಇರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. "ಒಂದು ಮಾತು ಹೇಳಿ ಬರ್ತೀನಿ. ಕಳ್ಳಿ ಥರ ಹೋಗಲ್ಲ," ಎಂದು ಸೂಟ್‌ಕೇಸನ್ನು ನನ್ನ ಮಷಿನ್ನಿನ ಪಕ್ಕ ಇಟ್ಟು ಬೀದಿ ದಾಟಿದಳು. ಕೌಂಟರಿನ ಮುಂದೆ ನಿಂತು ಅವಳು ಬಾಯಿ ತೆರೆದದ್ದನ್ನು ನೋಡಿದೆ. ಭಾವ ಅವಳ ಕಡೆ ತಿರುಗಿದರು, ಫ್ರಿಜ್ಜನ್ನು ಹಿಡಿದುಕೊಂಡರು, ಹಾಗೇ ಜಾರಿ ಕೆಳಗೆ ಕೂತರು. ಮೂಲೆಯಲ್ಲಿ ನಿಂತಿದ್ದ ಗಿರಾಕಿ ಲೋಟ ಇಟ್ಟು ಓಡಿಹೋದ. ಎತ್ತಿ ಕೂರಿಸಲು ನಾನೇ ಹೋಗಬೇಕಾಯಿತು. ಆ ಗಂಡಸನ್ನು ನಾನು ಇವತ್ತಿಗೂ ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತೇನೆ.

ಆಸ್ಪತ್ರೆಯ ಡಾಕ್ಟರಮ್ಮ ನಡುವಯಸ್ಸಿನವರು. ಹೆಬ್ಬೆರಳಿನ ಬಟ್ಟೆ ಬಿಚ್ಚಿದಾಗ ನಾನು ಕಿಟಕಿ ಕಡೆ ನೋಡಿದೆ. ರಕ್ತದ ಪರೀಕ್ಷೆ ಬಂದ ಮೇಲೆ ಅವರು ಸಕ್ಕರೆ ಕಾಯಿಲೆ ಎಂದರು. ವರ್ಷಗಳಿಂದ ಇದೆ, ಕಾಲು ಕೊಳೆತಿದೆ, ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದರು. ಆಮೇಲೆ ಬರೆದುಕೊಳ್ಳುತ್ತ ಒಂದೊಂದಾಗಿ ಕೇಳತೊಡಗಿದರು. ಬಾಯಾರಿಕೆ ಯಾವಾಗಿನಿಂದ? ಪಾದ ಜೋಮು ಯಾವಾಗಿನಿಂದ?

"ಹೆಂಡತಿ ಜೊತೆ ಸೇರೋದ್ರಲ್ಲಿ ತೊಂದರೆ ಇತ್ತಾ?" ಎಂದು ಅದೇ ದನಿಯಲ್ಲಿ ಕೇಳಿದರು. "ನಾಚ್ಕೋಬೇಡಿ. ಎಷ್ಟೋ ಜನಕ್ಕೆ ಈ ಕಾಯಿಲೆ ಮೊದಲು ಗೊತ್ತಾಗೋದೇ ಅಲ್ಲಿ."

ಭಾವ ಬೆಡ್‌ಶೀಟಿನ ಅಂಚನ್ನು ಮಡಿಸಿದರು, ಬಿಡಿಸಿದರು. ಅಕ್ಕ ಕಾಲ ಬುಡದಲ್ಲಿ ನಿಂತಿದ್ದಳು. ನಾನು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ.

"ಇತ್ತು," ಎಂದರು.

"ಎಷ್ಟು ವರ್ಷದಿಂದ?"

"ಫ್ಯಾಕ್ಟರೀಲಿ ಇದ್ದಾಗಿಂದ." ಯಾರೂ ಕೇಳದಿದ್ದರೂ, "ಅಂಗಡಿ ಇಟ್ಟಿದ್ದೇ ಅದಕ್ಕೆ," ಎಂದರು.

ಡಾಕ್ಟರಮ್ಮ ಏನೇನು ಕುಡಿಯುತ್ತಿದ್ದಿರಿ ಎಂದು ಕೇಳಿ ತಿಳಿದು, ಪೆನ್ನು ಕೆಳಗಿಟ್ಟರು. ಬೀಟ್‌ರೂಟು, ದಾಳಿಂಬೆ ಕೆಟ್ಟವಲ್ಲ, ಕೆಲವರಿಗೆ ಒಂಚೂರು ಅನುಕೂಲವೂ ಆಗಬಹುದು ಎಂದರು. "ಆದ್ರೆ ನೀವು ಕುಡಿದಿದ್ದು ಸಕ್ಕರೆ. ಆಗಲೇ ಬಂದಿದ್ರೆ ಮಾತ್ರೆಗಳಲ್ಲಿ ಮುಗೀತಿತ್ತು. ಕಾಲೂ ಉಳೀತಿತ್ತು, ಅದೂ ಬಹುಶಃ ಸರಿಹೋಗ್ತಿತ್ತು."

ಮಾತಾಡಿದವಳು ಅಕ್ಕ. ಗಂಡನನ್ನಲ್ಲ, ಡಾಕ್ಟರಮ್ಮನನ್ನು ನೋಡಿ, ತರಗತಿಯಲ್ಲಿ ಎದ್ದು ನಿಂತವಳ ಹಾಗೆ ಕೇಳಿದಳು.

"ಹಾಗಾದ್ರೆ ಅದು ನನ್ನಿಂದ ಅಲ್ವಾ, ಮೇಡಂ?"

"ನಿಮ್ಮಿಂದ ಹೇಗಾಗುತ್ತೆ?" ಎಂದರು ಅವರು, ಪ್ರಶ್ನೆ ಅರ್ಥವಾಗದೆ.

ಅಕ್ಕ ವಾರ್ಡಿನ ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತಳು. ಕಾಲು ಹೋಗುತ್ತದೆಂದು ಅಳುತ್ತಿದ್ದಾಳೆ ಎಂದು ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಸಮಾಧಾನ ಮಾಡಿದಳು. "ಇಷ್ಟು ವರ್ಷ ನನ್ನ ಮುಖ ನಾನೇ ಕನ್ನಡೀಲಿ ನೋಡ್ಕೊಳ್ತಾ ಇರ್ಲಿಲ್ಲ ಕಣೇ," ಎಂದಳು ನನಗೆ. "ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು." ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಕಾಲು ತೆಗೆದರು. ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ಸೂಟ್‌ಕೇಸನ್ನು ಅಕ್ಕ ತಾನೇ ಬಂದು ಎತ್ತಿಕೊಂಡು ಮನೆಗೆ ಹೋದಳು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳೂ ಹೇಳುವುದಿಲ್ಲ. ಮಂಚ ಮಾತ್ರ ಒಂದೇ ಆಯಿತು.

ಮೊನ್ನೆ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಭಾವ ದಿಂಬಿಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದರು. ಅಕ್ಕ ಮಂಚದ ತುದಿಯಲ್ಲಿ ಕೂತು ಉಳಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಆ ಪಾದಕ್ಕೂ ಮುಟ್ಟಿದ್ದು ತಿಳಿಯುವುದಿಲ್ಲ, ಗಾಯವೇನಾದರೂ ಆಗಿದೆಯೇ ಎಂದು ದಿನಾ ನೋಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಬೆರಳ ಸಂದಿಗಳನ್ನು ನೋಡಿ ಮುಗಿಸಿದ ಮೇಲೂ ಅವಳು ಪಾದವನ್ನು ಕೆಳಗಿಡಲಿಲ್ಲ. ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಸವರುತ್ತಿದ್ದಳು.

"ಎಲ್ಲಿದ್ದೀಯಾ?" ಎಂದು ಭಾವ ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದರು. "ಸ್ವಲ್ಪ ಹೊತ್ತು ಬಂದು ನನ್ನ ಹತ್ರ ಕೂತ್ಕೋ ಬಾರದಾ?"

"ಬಂದೆ," ಎಂದಳು ಅಕ್ಕ. ಅವಳು ಏಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ.