ಮೊಲದ ಮುಖ ಯಾವ ಕಡೆಗೆ

ನಮ್ಮ ವಿಶ್ವವಿದ್ಯಾಲಯದ ಲಾಂಛನ ಬಿಳಿ ಮೊಲ. ಜಪಾನಿನ ಸೆಂಡಾಯ್‌ಗೆ ಬಂದ ಮೊದಲ ತಿಂಗಳು ಅದನ್ನು ಎಲ್ಲೆಲ್ಲಿ ಕಂಡೆನೆಂದು ದಿನಚರಿಯಲ್ಲಿ ತಾರೀಖು ಸಮೇತ ಗುರುತು ಹಾಕುತ್ತಿದ್ದೆ: ಕ್ಯಾಂಟೀನಿನ ಟೋಕನ್, ಲೈಬ್ರರಿ ಕಾರ್ಡು, ಟವೆಲ್ಲು, ಭೂಕಂಪವಾದರೆ ಮೇಜಿನ ಕೆಳಗೆ ನುಸುಳಿ ಎಂದು ಹೇಳುವ ಭಿತ್ತಿಪತ್ರ. ಎಲ್ಲ ಕಡೆಯೂ ಮೊಲ ನಗುತ್ತಿತ್ತು, ಭೂಕಂಪದಲ್ಲಿ ಕೂಡ. ಬೇಸರವಾಗಿ ನಾನು ಗುರುತು ಹಾಕುವುದನ್ನು ಬಿಟ್ಟೆ. ಅದು ನಗುವುದನ್ನು ಬಿಡಲಿಲ್ಲ.

ನನ್ನ ಕೆಲಸಕ್ಕೂ ಮೊಲಕ್ಕೂ ಸಂಬಂಧವಿದೆ. ಕಣ್ಣಿನ ಚಿತ್ರಗಳಲ್ಲಿ ಹೊಸದಾಗಿ ಹಬ್ಬಿದ ರಕ್ತನಾಳಗಳನ್ನು ಪತ್ತೆ ಹಚ್ಚುವ ಪ್ರೋಗ್ರಾಂ ಬರೆಯುವವನು ನಾನು. ಚಿತ್ರಗಳು ಮೂರನೆಯ ಮಹಡಿಯಿಂದ ಸಿ.ಡಿ.ಗಳಲ್ಲಿ ಇಳಿದು ಬರುತ್ತವೆ. ಅವೆಲ್ಲ ಮೊಲದ ಕಣ್ಣುಗಳು. ಸಿ.ಡಿ.ಗೆ ರೋಮವಿಲ್ಲ, ವಾಸನೆಯಿಲ್ಲ. ಮೈಸೂರಿನ ಮಡಿವಂತ ಮನೆಯಿಂದ ಬಂದ ನಾನು ಅದರ ಪಕ್ಕದಲ್ಲೇ ಮೊಸರನ್ನದ ಡಬ್ಬಿ ಇಟ್ಟುಕೊಂಡು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ.

ಎರಡು ಸಾವಿರದ ಇಸವಿ ಹುಟ್ಟಿದ ದಿನ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆಂದು ಕಾದು ಕುಳಿತಿದ್ದೆವು. ಯಾವುದೂ ನಿಲ್ಲಲಿಲ್ಲ. ಆ ಸಮಾಧಾನದಲ್ಲೋ ಏನೋ, ವಿಶ್ವವಿದ್ಯಾಲಯವು ಮೊಲಕ್ಕೊಂದು ಕಂಚಿನ ಪ್ರತಿಮೆ ಮಾಡಿಸಲು ಸಮಿತಿ ನೇಮಿಸಿತು. ವಿದೇಶಿ ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ನನ್ನನ್ನು ಸೇರಿಸಿದರು. ನನ್ನ ರೂಮ್‌ಮೇಟ್ ಪ್ರಸಾದ ಬೆಂಗಳೂರಿನವನು, ಕಂಪನಿ ಕಳಿಸಿ ಬಂದವನು.

"ಏನ್ ಗುರು, ಕಮಿಟಿ ಮೆಂಬರಾ?" ಎಂದ. "ನಮ್ಮೂರಲ್ಲಿ ಸ್ಟ್ಯಾಚೂ ಅಂದ್ರೆ ಫಸ್ಟು ಸರ್ಕಲ್ ಹುಡುಕ್ತಾರೆ. ಇಲ್ಲಿ ಎಲ್ಲಿ ಕೂರಿಸ್ತೀರೋ?"

"ನಮ್ಮ ಲ್ಯಾಬ್ ಬಾಗ್ಲಲ್ಲಿ."

"ಸರಿ ಹೋಯ್ತು. ಬಾಳೆಕಂಬ ಕಟ್ಟೋದು ಮರೀಬೇಡ."

ನಾನೂ ನಕ್ಕೆ. ನಗು ನಿಂತದ್ದು ಮೋರಿ-ಸಾನ್ ಬಂದ ಮಧ್ಯಾಹ್ನ. ಮೂರನೆಯ ಮಹಡಿಯಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡುವ ಸಂಶೋಧನಾ ವಿದ್ಯಾರ್ಥಿನಿ ಆಕೆ. ಯಾವಾಗಲೂ ಸಿ.ಡಿ. ಕೊಟ್ಟು ತಲೆಬಾಗಿ ಹೋಗಿಬಿಡುವವಳು ಅಂದು ಹೋಗಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ, ಒಂದು ವಿನಂತಿ," ಎಂದಳು. "ಪ್ರತಿಮೆ ಬಾಗಿಲಲ್ಲಿ ಬೇಡ ಎಂದು ನೀವು ಸಭೆಯಲ್ಲಿ ಹೇಳಬಹುದೇ?"

ನಮ್ಮ ಕಟ್ಟಡದ ಹಿಂದೆ ಒಂದು ಕಲ್ಲಿದೆ. ಪ್ರಯೋಗಗಳಲ್ಲಿ ಸತ್ತ ಪ್ರಾಣಿಗಳ ನೆನಪಿಗೆ ನೆಟ್ಟದ್ದು. ವರ್ಷಕ್ಕೊಮ್ಮೆ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಕಪ್ಪು ಬಟ್ಟೆ ತೊಟ್ಟು ಸಾಲಾಗಿ ಬಂದು ಅದರ ಮುಂದೆ ಬಿಳಿ ಸೇವಂತಿಗೆ ಇಟ್ಟು ತಲೆಬಾಗುತ್ತಾರೆ. ಪ್ರಯೋಗ ನಡೆಸುವವರೇ ಹೂ ಇಡುವ ಈ ಪದ್ಧತಿ ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಆಮೇಲೆ, ಹೂ ಕೂಡ ಇಡದ ನಾವು ಯಾವ ಲೆಕ್ಕದಲ್ಲಿ ಮೇಲು ಎಂದು ಸುಮ್ಮನಾದೆ.

"ಆ ಕಲ್ಲಿಗೆ ಮುಖವಿಲ್ಲ. ಅದರ ಮುಂದೆ ನಿಲ್ಲಬಲ್ಲೆ," ಎಂದಳು ಮೋರಿ-ಸಾನ್. "ದಿನಾ ಬೆಳಿಗ್ಗೆ ನಗುವ ಮೊಲವನ್ನು ದಾಟಿ ಮೇಲೆ ಹೋದರೆ ನನ್ನ ಕೈ ನಡುಗುತ್ತದೆ. ಕೈ ನಡುಗಿದರೆ ನೋವಾಗುವುದು ಅವಕ್ಕೆ. ಆಗ ನಾನು ಈ ಕೆಲಸವನ್ನೇ ಬಿಡಬೇಕಾಗುತ್ತದೆ."

ನೀವೇ ಏಕೆ ಹೇಳಬಾರದು ಎಂದೆ. ಸಮಿತಿಯ ಅಧ್ಯಕ್ಷರಾದ ತಕೆದಾ-ಸೆನ್ಸೇ, ಅಂದರೆ ತಕೆದಾ ಮೇಷ್ಟ್ರು, ಅವಳ ಮಾರ್ಗದರ್ಶಕರು. "ಹೊರದೇಶದವರು ಕೇಳಿದರೆ ಅದು ಅಜ್ಞಾನ. ನಾನು ಕೇಳಿದರೆ ಅವಿಧೇಯತೆ," ಎಂದಳು. ಅಜ್ಞಾನ ನನಗೆ ಹೊಸದಲ್ಲವಾದ್ದರಿಂದ ಒಪ್ಪಿಕೊಂಡೆ.

ಸಮಿತಿಯ ಕಡತದ ಮೊದಲ ಪುಟದಲ್ಲಿ ಚಂದ್ರನೊಳಗಿನ ಮೊಲದ ಕಥೆಯಿತ್ತು. ಹಸಿದು ಬಂದ ಅತಿಥಿಗೆ ಕೊಡಲು ಹುಲ್ಲಲ್ಲದೆ ಬೇರೇನೂ ಇಲ್ಲದ ಮೊಲ ತಾನೇ ಬೆಂಕಿಗೆ ಹಾರಿತು, ಅತಿಥಿಯಾಗಿ ಬಂದಿದ್ದ ಇಂದ್ರ ಮೆಚ್ಚಿ ಅದರ ಚಿತ್ರವನ್ನು ಚಂದ್ರನಲ್ಲಿ ಬರೆದ. ನಮ್ಮಲ್ಲಿಂದ ಹೊರಟು ಸಮುದ್ರ ದಾಟಿ ಇಲ್ಲಿ ನೆಲೆಸಿದ ಕಥೆ. ಚಂದ್ರನನ್ನು ಶಶಾಂಕ ಎನ್ನುವ ನಾವೂ, ಮೊಲ ಅಲ್ಲಿ ಅಕ್ಕಿ ಕುಟ್ಟುತ್ತಿದೆ ಎನ್ನುವ ಇವರೂ ನೋಡುವುದು ಅದೇ ಕಲೆಯನ್ನು. ಆದರೆ ಕಥೆಯ ಮೊಲ ತಾನಾಗಿ ಹಾರುತ್ತದೆ. ಮೂರನೆಯ ಮಹಡಿಯಲ್ಲಿ ಯಾವ ಮೊಲವನ್ನೂ ಯಾರೂ ಕೇಳಿದ್ದಿಲ್ಲ.

ಸಭೆಯಲ್ಲಿ, ಪ್ರತಿಮೆಯನ್ನು ಲೈಬ್ರರಿಯ ಹತ್ತಿರ ಇಡಬಹುದಲ್ಲ ಎಂದೆ. ಇಲ್ಲಿನ ಸಭೆಗಳಲ್ಲಿ ತೀರ್ಮಾನವೆಲ್ಲ ಮೊದಲೇ ಆಗಿರುತ್ತದೆ. ಸಭೆ ಸೇರುವುದು ಒಟ್ಟಿಗೆ ತಲೆಯಾಡಿಸಲು. ಯಾರೂ ತಲೆಯಾಡಿಸಲಿಲ್ಲ. ಶಿಲ್ಪಿ ತಾನು ತಂದಿದ್ದ ಜೇಡಿಮಣ್ಣಿನ ಮೊಲವನ್ನೇ ನೋಡುತ್ತಾ ಕುಳಿತ. ಮೇಜಿನ ಕೊನೆಯಲ್ಲಿ ನಡಾವಳಿ ಬರೆಯುತ್ತಿದ್ದ ಮೋರಿ-ಸಾನ್ ತಲೆಯೆತ್ತಲಿಲ್ಲ.

ತಕೆದಾ-ಸೆನ್ಸೇ ಮೆಲ್ಲಗೆ ಕೇಳಿದರು: "ನಿಮ್ಮ ದೇಶದಲ್ಲಿ ಪ್ರಾಣಿಗಳ ವಿಗ್ರಹ ಎಲ್ಲಿಡುತ್ತಾರೆ?"

ಸುಳ್ಳು ಹೇಳಲು ಬರಲಿಲ್ಲ. "ಬಾಗಿಲ ಎದುರಿಗೇ," ಎಂದೆ. ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು. ಏನಾದರೂ ಹೇಳಬೇಕಲ್ಲ ಎಂದು ಸೇರಿಸಿದೆ: "ಆದರೆ ಶಿವನ ಗುಡಿಯ ನಂದಿ ಒಳಗೆ ನೋಡುತ್ತಾ ಕೂತಿರುತ್ತಾನೆ. ಬರುವವರಿಗೆ ಕಾಣುವುದು ಅವನ ಬೆನ್ನು."

ಮೋರಿ-ಸಾನ್ ಬರೆಯುತ್ತಿದ್ದ ಪೆನ್ನು ನಿಂತಿತು. ಸೆನ್ಸೇ ಕೈ ಚಾಚಿ ಮಣ್ಣಿನ ಮೊಲವನ್ನು ಹಿಂದುಮುಂದಾಗಿ ತಿರುಗಿಸಿದರು. ಬಹಳ ಹೊತ್ತು ಅದರ ಬೆನ್ನು ನೋಡಿದರು. ಆಮೇಲೆ, ನಡಾವಳಿ ಬರೆಯುವವರನ್ನು ಯಾರೂ ಕೇಳದ ಪ್ರಶ್ನೆ ಕೇಳಿದರು.

"ಮೋರಿ-ಸಾನ್, ಹೀಗಿದ್ದರೆ ಆಗುತ್ತದೆಯೇ?"

ಅವರಿಗೆ ಎಲ್ಲ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು.

ಅವಳು ಎದ್ದು ನಿಂತಳು. "ಬೆಳಿಗ್ಗೆ ಬೆನ್ನು ಕಂಡರೆ ಕೈ ನಡುಗುವುದಿಲ್ಲ. ಸಂಜೆ ಹೊರಗೆ ಬರುವಾಗ ಮುಖ ಕಾಣುತ್ತದೆ. ಸಂಜೆ ನೋಡಬೇಕಾದದ್ದೇ." ಕೂರಲು ಹೋಗಿ ಮತ್ತೆ ನಿಂತಳು. "ನಗು ಮಾತ್ರ ಬೇಡ."

ಶಿಲ್ಪಿ ಹೆಬ್ಬೆರಳಿನಿಂದ ಮೊಲದ ಬಾಯಿಯನ್ನೊಮ್ಮೆ ಒತ್ತಿದ. ಎಲ್ಲರೂ ತಲೆಯಾಡಿಸಿದರು.

ಮರುವರ್ಷ ಚೆರ್ರಿ ಹೂವಿನ ಹೊತ್ತಿಗೆ ಪ್ರತಿಮೆ ಬಂತು. ಪ್ರಸಾದ ಕ್ಯಾಮೆರಾ ತಂದಿದ್ದ. "ಲೋ, ಇದೇನೋ, ಫೋಟೋಗೆ ಬೆನ್ನು ಕೊಟ್ಕೊಂಡು ಕೂತಿದೆ?" ಎಂದ. ಒಳಗೆ ಹೋಗಿ ಬಾ ಎಂದೆ. ಹೋದ, ಹೊರಗೆ ಬಂದ, ಕ್ಯಾಮೆರಾ ಚೀಲಕ್ಕೆ ಹಾಕಿದ. "ಟೀ ಕುಡಿಯೋಣ ಬಾರೋ," ಎಂದನಷ್ಟೆ.

ಮೋರಿ-ಸಾನ್ ಕೆಲಸ ಬಿಡಲಿಲ್ಲ. ಸಂಜೆ ಅದರ ಮುಂದೆ ಒಂದು ಗಳಿಗೆ ನಿಂತು ಹೋಗುತ್ತಾಳೆ. ನಾನು ಬರೀ ಚಿತ್ರ ನೋಡುವವನು, ನನಗೂ ಇದಕ್ಕೂ ಏನು ಎಂದುಕೊಂಡು ಮೊದಲ ಸಂಜೆ ಪಕ್ಕದ ಬಾಗಿಲಿನಿಂದ ಹೊರಟೆ. ಮರುದಿನವೂ ಅದೇ ಮಾಡಿದೆ. ಆ ದಾರಿಯಲ್ಲಿ ಬಸ್ ಸ್ಟಾಪು ದೂರ. ಗೌರವ ಸಲ್ಲಿಸಬೇಕಾದದ್ದನ್ನು ಹತ್ತಿರದ ದಾರಿಯಲ್ಲೇ ಇಡಬೇಕು, ಸುತ್ತಿ ಹೋಗುವುದು ಎಂಥವನಿಗೂ ಬೇಗ ಸಾಕಾಗುತ್ತದೆ. ಮೂರನೆಯ ಸಂಜೆ ಮಳೆ ಹಿಡಿಯಿತು. ನೇರ ಬಾಗಿಲಿನಿಂದಲೇ ಬಂದೆ. ಮೊಲ ನೆನೆಯುತ್ತಾ ಕೂತಿತ್ತು. ಒಬ್ಬರನ್ನೊಬ್ಬರು ನೋಡಿದೆವು. ಮೊದಲು ಕಣ್ಣು ತಗ್ಗಿಸಿದವನು ನಾನು.