ಕಾರ್ ಶೆಡ್ಡಿನ ಮಾರಾಟ

ಇವತ್ತು ಬೆಳಿಗ್ಗೆ ಕಪಾಟಿನ ಅಡಿ ಗುಡಿಸುವಾಗ ಎಂದೋ ಬರೆದು ಬಳಸದೆ ಉಳಿದ ಕಿತ್ತಳೆ ಬಣ್ಣದ ಬೆಲೆಚೀಟಿಯೊಂದು ಹಿಡಿಸೂಡಿಗೆ ಅಂಟಿಕೊಂಡು ಬಂತು. ಮೇಲೆ ನನ್ನದೇ ಅಕ್ಷರ: ಎಂಬತ್ತು ರೂಪಾಯಿ. ಶಾಲೆ ಟೀಚರ್ ನಾನು, ಅಂಕಿಗಳನ್ನು ದುಂಡಗೆ ಬರೆಯುತ್ತೇನೆ. ಆ ದುಂಡು ಅಂಕಿ ನೋಡಿ ಕಿವಿ ಬಿಸಿಯಾಯಿತು. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಈ ಕಥೆಯ ಅರ್ಧವನ್ನಷ್ಟೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಹೇಳುತ್ತಿದ್ದ ಅರ್ಧ ಇದು. ನನಗೆ ಮೂಡುಬಿದಿರೆಗೆ ವರ್ಗವಾಯಿತು. ಲಾಯಿಲದ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಕೂಡಿಹಾಕಿದ ಸಾಮಾನು ಹೊಸ ಫ್ಲಾಟಿನಲ್ಲಿ ಹಿಡಿಯುವಂತಿರಲಿಲ್ಲ. ಎಲ್ಲೋ ದೂರದೇಶದ ಹೆಂಗಸೊಬ್ಬಳು ಕಾರ್ ಶೆಡ್ಡಿನಲ್ಲೇ ಹಳೆ ಸಾಮಾನು ಮಾರುವುದನ್ನು ಯೂಟ್ಯೂಬಿನಲ್ಲಿ ನೋಡಿದೆ. ಗಂಡನಿಗೆ ಹೇಳಿದರೆ, "ಹಳೆ ಸಾಮಾನು ಕೇಳಿದವರಿಗೆ ಕೊಡುವುದು ಮಾರಾಯ್ತಿ, ಮಾರುವುದುಂಟಾ? ಜನ ನಗ್ತಾರೆ" ಎಂದರು. ನನಗೆ ಹಠ ಬರಲು ಅಷ್ಟು ಸಾಕಾಯಿತು.

ಪಾಠದ ಟಿಪ್ಪಣಿ ಬರೆಯುವಂತೆ ಯೋಜನೆ ಬರೆದೆ. ಭಾನುವಾರ ಬೆಳಿಗ್ಗೆಯೇ ಆಗಬೇಕು. ವಾಟ್ಸಾಪ್ ಗುಂಪುಗಳಲ್ಲಿ ಮೂರು ದಿನ ಮೊದಲೇ ಫೋಟೋ ಹಾಕಬೇಕು. ಮಿಕ್ಸಿ, ಫ್ಯಾನು ಓಡುತ್ತವೆಂದು ತೋರಿಸಲು ಶೆಡ್ಡಿಗೆ ವಯರ್ ಎಳೆಸಿದೆ. ಬೀರು, ಮಂಚ ರಸ್ತೆಗೆ ಕಾಣುವಂತೆ ಮುಂದೆ. ಪಾತ್ರೆಗಳು ತೊಳೆದು ಒರೆಸಿ ಮೇಜಿನ ಮೇಲೆ. ಮುಖಕ್ಕೆ ಚೀಟಿ ಅಂಟಿಸಿದರೆ ಅಂದ ಕೆಡುತ್ತದೆಂದು ಪಾತ್ರೆಗಳ ಅಡಿಗೆ ಅಂಟಿಸಿದೆ. ಕೊನೆಗೆ ಒಂದು ಬೋರ್ಡು: 'ಒಂದೇ ದರ, ಚರ್ಚೆ ಇಲ್ಲ.'

ಹತ್ತು ಗಂಟೆಗೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಟ್ಲದಿಂದ ಬಂದವರೊಬ್ಬರು ಬೀರು ಕೊಂಡು ಪಿಕಪ್ ತರಿಸಿದರು. "ಟೀಚರ್, ನೀವು ಅಂಗಡಿ ಇಡಬೇಕಿತ್ತು" ಎಂದರು ಯಾರೋ. ನಗುತ್ತಾರೆಂದು ಹೆದರಿದ್ದ ಗಂಡನೇ ಬಂದವರಿಗೆಲ್ಲ ಶರಬತ್ತು ಹಂಚುತ್ತಿದ್ದರು. ಈ ಕಥೆಯನ್ನು ಹೊಸ ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೇಳದೆ ಬಿಟ್ಟದ್ದು ಐಸಮ್ಮನ ವಿಷಯ. ಲಾಯಿಲದಲ್ಲಿ ನಮ್ಮ ಹಿಂಬದಿಯ ಮನೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಒಮ್ಮೆ ನಾನು ಜಾರಿ ಬಿದ್ದು ಕಾಲು ಮುರಿದುಕೊಂಡಾಗ, ತಿಂಗಳಿಗೂ ಹೆಚ್ಚು ಕಾಲ ಹಿಡಿಯಿರುವ ಸ್ಟೀಲ್ ಪಾತ್ರೆಯೊಂದರಲ್ಲಿ ದಿನಾ ಗಂಜಿ ತಂದುಕೊಟ್ಟವರು. ಕೊನೆಯ ದಿನ ಪಾತ್ರೆ ನಮ್ಮಲ್ಲೇ ಉಳಿಯಿತು. ಖಾಲಿ ಪಾತ್ರೆ ಹಿಂದೆ ಕೊಡುವುದು ಹೇಗೆ, ಪಾಯಸ ಮಾಡಿ ತುಂಬಿಸಿ ಕೊಡುವ ಎಂದುಕೊಂಡೆ. ಆ ಪಾಯಸ ನಾನು ಮಾಡಲೇ ಇಲ್ಲ. ಪಾತ್ರೆ ನಮ್ಮ ಪಾತ್ರೆಗಳೊಳಗೆ ಸೇರಿ ಹೋಯಿತು.

ಆ ಭಾನುವಾರ ಐಸಮ್ಮ ಬಂದರು. ಮೇಜಿನ ಮೇಲಿದ್ದ ಪಾತ್ರೆ ಎತ್ತಿ, "ಟೀಚರ್, ಇದು ಅರುವತ್ತಕ್ಕೆ ಆಗ್ತದಾ?" ಎಂದು ಕೇಳಿದರು.

ನಾನು ಶಾಲೆಯಲ್ಲಿ ಮಾಡುವಂತೆ ಕೋಲೊಂದರಿಂದ ಬೋರ್ಡಿನ ಅಕ್ಷರ ತೋರಿಸಿ, "ಓದಿ ಐಸಮ್ಮ, ಜೋರಾಗಿ ಓದಿ" ಎಂದೆ. ತಮಾಷೆಗೇ ಅಂದದ್ದು. ಜನರೆಲ್ಲ ನಕ್ಕರು, ಅವರೂ ನಕ್ಕರು.

ಮತ್ತೆ ಪಾತ್ರೆ ತಿರುಗಿಸಿ ಚೀಟಿಯ ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿದರು. ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ನನಗೂ ಕಂಡಿತು: 'ಐಸ'. ಉಳಿದದ್ದು, ಅವಸರದಲ್ಲಿ ನೋಡದೆ ಅಂಟಿಸಿದ ನನ್ನ ಚೀಟಿಯ ಅಡಿಯಲ್ಲಿತ್ತು. ಐಸಮ್ಮ ಹೆಬ್ಬೆರಳಿನಿಂದ ಒತ್ತಿ ಚೀಟಿಯನ್ನು ಮೊದಲಿನಂತೆ ಅಂಟಿಸಿದರು. ಎಂಬತ್ತು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟು, ಪಾತ್ರೆಯನ್ನು ಸೆರಗಿನ ಮರೆಯಲ್ಲಿ ಹಿಡಿದು ನಡೆದರು.

ಕರೆಯಬಹುದಿತ್ತು. ಸುತ್ತ ಅಷ್ಟು ಜನ, ಅಷ್ಟು ಹೊಗಳಿಕೆ. 'ಟೀಚರ್ ಪಕ್ಕದವರ ಪಾತ್ರೆ ಅವರಿಗೇ ಮಾರಿದರು' ಎಂದು ಊರಿಗೆ ಗೊತ್ತಾಗುತ್ತದೆಂದು ಕರೆಯಲಿಲ್ಲ. ದುಡ್ಡನ್ನು ಡಬ್ಬಿಗೆ ಹಾಕಿದೆ. ಮರುದಿನ ಲಾರಿ ಹತ್ತುವಾಗಲೂ ಅವರ ಮನೆಗೆ ಹೋಗಿ ಹೇಳಿ ಬರಲಿಲ್ಲ.

ಇವತ್ತು ಕಸ ಅಲ್ಲೇ ಬಿಟ್ಟು ಲಾಯಿಲಕ್ಕೆ ಹೋಗಲು ಬೆಳ್ತಂಗಡಿ ಬಸ್ಸು ಹತ್ತಿದೆ. ಐಸಮ್ಮ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಆ ಪಾತ್ರೆ ನಿಮ್ಮದೇ, ಐಸಮ್ಮ. ನಾನು ಆ ದಿನವೇ ನೋಡಿದ್ದೆ" ಎಂದೆ.

"ನೀವು ನೋಡಿದ್ದು ನನಗೆ ಗೊತ್ತುಂಟು ಟೀಚರ್" ಎಂದರು, ತಲೆ ಎತ್ತದೆ. "ಕರೀತೀರಿ ಅಂತ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ."

ಚಹಾ ಕೊಟ್ಟರು. ಗಂಡನನ್ನು, ಶಾಲೆಯನ್ನು ವಿಚಾರಿಸಿದರು. ತಪ್ಪಾಯಿತೆಂದು ನಾನು ಎರಡು ಸಲ ಹೇಳಿದೆ. "ಬಿಡಿ" ಎಂದರು, ಎರಡು ಸಲವೂ.

ಹೊರಡುವಾಗ, "ಮುಂದಿನ ಭಾನುವಾರ ಪುನಃ ಬರ್ತೇನೆ" ಎಂದೆ.

"ಬನ್ನಿ" ಎಂದರು.

ಹಿಂದೆಲ್ಲ 'ಬರ್ಲೇಬೇಕು ಟೀಚರ್, ಊಟಕ್ಕೇ ಬರ್ಬೇಕು' ಎನ್ನುತ್ತಿದ್ದ ಬಾಯಿ ಅದು. ಬಸ್ಸಿನಲ್ಲಿ ಕೂತು ಆ ಒಂದು 'ಬನ್ನಿ'ಯನ್ನೇ ತಿರುತಿರುಗಿ ಕೇಳಿಸಿಕೊಂಡೆ. ಅಷ್ಟಾದರೂ ಅಂದರಲ್ಲ. ಭಾನುವಾರ ಹೋಗುತ್ತೇನೆ.